ಬಂಬಿನ ಮೇಲೆ ಬಾಗಿದ ಗಿಟಾರು

ಐವತ್ತರ ಹತ್ತಿರ ಬಂದ ಗಂಡಸಿನ ಕೈಗೆ ರಜೆಯ ದಿನ ಏನಾದರೊಂದು ಕೆಲಸ ಕೊಟ್ಟಿಡಬೇಕು. ಕೊಡದಿದ್ದರೆ ಅವನೇ ಹುಡುಕಿಕೊಳ್ಳುತ್ತಾನೆ, ಅನುಭವಿಸುವವರು ಮನೆಯವರು. ನಮ್ಮ ಚಿದ್ರಿಯ ಓಣಿಯಲ್ಲೇ ನೋಡಿ. ಒಬ್ಬರು ಬೆಳಗಾದರೆ ಕೋಟೆಯ ಸುತ್ತ ಓಡುತ್ತಾರೆ, ಮಧ್ಯಾಹ್ನ ಮೊಣಕಾಲು ಹಿಡಿದುಕೊಂಡು ಕೂಡುತ್ತಾರೆ. ಇನ್ನೊಬ್ಬರು ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ಎಣ್ಣೆ ಬಿಡುತ್ತೇನೆಂದು ಬಿಚ್ಚಿದರು. ಅದು ಇವತ್ತಿಗೂ ಗೋಣಿಚೀಲದಲ್ಲಿದೆ. ಇವರನ್ನೆಲ್ಲ ನೋಡಿ ನಗುತ್ತಿದ್ದ ನಾನು ಕೊನೆಗೆ ಮಾಡಿದ್ದೇನು? ಗಿಟಾರು ಮಾಡಲು ಹೊರಟೆ. ಬಾರಿಸಲಿಕ್ಕಲ್ಲ, ಮಾಡಲಿಕ್ಕೆ. ನನಗೆ ಬಾರಿಸಲು ಬರುವುದು ಗಾಡಿಯ ಹಾರನ್ ಒಂದೇ. ಇನ್ನು ಮರಗೆಲಸದ ಅನುಭವ ಎಂದರೆ, ಹೊಸ ಕ್ಯಾಲೆಂಡರಿಗೆ ಗೋಡೆಯಲ್ಲಿ ಮೊಳೆ ಹೊಡೆದದ್ದು. ಆ ಮೊಳೆಯೂ ಡೊಂಕು.

ಇದರ ಹಿಂದೆ ಒಂದು ಕಥೆಯಿದೆ. ಬಹಳ ವರ್ಷಗಳ ಹಿಂದೆ ನಾನು ಹೆಣ್ಣು ನೋಡಲು ಭಾಲ್ಕಿಗೆ ಹೋಗಿದ್ದೆ. ಜೊತೆಗೆ ಹಲಬರ್ಗಾದ ನಮ್ಮ ಕಾಕಾ. ಅವಲಕ್ಕಿ ಚೂಡಾದ ತಟ್ಟೆ ಬಂತು, ಚಹಾ ಬಂತು, ಕಾಕಾ ಗಂಟಲು ಸರಿಮಾಡಿಕೊಂಡು ಎಲ್ಲರೂ ಕೇಳುವ ಪ್ರಶ್ನೆ ಕೇಳಿದರು: "ಹುಡಿಗಿಗಿ ಹಾಡು ಗೀಡು ಬರ್ತದೇನ್ರಿ?" ಹುಡುಗಿ ಎದ್ದು ಒಳಗೆ ಹೋದಳು. ಹೆದರಿ ಓಡಿಹೋದಳು ಎಂದುಕೊಂಡೆವು. ಅವಳು ಎದೆಯೆತ್ತರದ ಗಿಟಾರು ಹಿಡಿದುಕೊಂಡು ಹೊರಬಂದಳು. ಅವರ ಬಾಜೂಮನೆಯಲ್ಲಿ ಗ್ರೇಸ್ ಟೀಚರ್ ಅಂತ ಇದ್ದರಂತೆ, ಸಾಲೆ ಬಿಟ್ಟ ಮೇಲೆ ಅವರ ಹತ್ತಿರ ಕಲಿತದ್ದಂತೆ. ಕಾಕಾ ನನ್ನ ಕಿವಿಗೆ ಬಗ್ಗಿ, "ಬಸು, ಇದ್ಯಾವ ಏಕತಾರಿನೋ, ಇಷ್ಟ್ಯಾಕ ತಂತಿ ಅದಾವ?" ಎಂದರು. ಅವಳು ಬಾರಿಸಿದಳು. ಏನು ಬಾರಿಸಿದಳು ಎಂದು ಕೇಳಬೇಡಿ, ನಾನು ತಲೆ ತಗ್ಗಿಸಿ ಚೂಡಾದಲ್ಲಿನ ಶೇಂಗಾ ನೋಡುತ್ತಿದ್ದೆ. ಆದರೆ ಆ ಪಡಸಾಲೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕದೆ ಕುಳಿತದ್ದು, ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ ಅಂಗಿಯ ಗುಂಡಿ ತಿರುವುತ್ತ ನಕ್ಕದ್ದು, ಇಂದಿಗೂ ಕಣ್ಣ ಮುಂದಿದೆ. ಕಾಕಾ ಹೊರಗೆ ಬಂದು, "ತಂತಿ ಎಷ್ಟರೆ ಇರ್ಲಿ, ಹುಡಿಗಿ ಛಲೋ ಅದಾಳ" ಎಂದು ತೀರ್ಪು ಕೊಟ್ಟರು.

ಮದುವೆಗೆ ಮೊದಲಿನ ಬೇಸಿಗೆಯಲ್ಲಿ ಆ ಗಿಟಾರು ಹೋಯಿತು. ಅವರ ಮನೆಗೆ ಸುಣ್ಣ ಹೊಡೆಯುವಾಗ ಅಟ್ಟದ ಮೇಲಿಟ್ಟಿದ್ದರು, ಮೇಲೆ ತಗಡಿನ ಮಾಡು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಅಂಟು ಬಿಟ್ಟು ಹಲಗೆಗಳು ಹಪ್ಪಳದ ಹಾಗೆ ಎದ್ದವು. ಮದುವೆಯಾಗಿ ಶಕುಂತಲಾ ನಮ್ಮ ಮನೆಗೆ ಬಂದಾಗ ಜೊತೆಗೆ ಕಬ್ಬಿಣದ ಪೆಟ್ಟಿಗೆ, ಹೊಲಿಗೆ ಯಂತ್ರ ಎಲ್ಲ ಬಂದವು, ಗಿಟಾರು ಬರಲಿಲ್ಲ. ಆಮೇಲೆ ಮಕ್ಕಳು, ಸಾಲೆ, ಮನೆ. ಅವಳು ಅದರ ಮಾತೇ ಎತ್ತಲಿಲ್ಲ. ಆದರೆ ಗಾಡಿಯ ಮೇಲೆ ಹಿಂದೆ ಕುಳಿತಾಗ ನನ್ನ ಭುಜದ ಮೇಲೆ ಅವಳ ಬೆರಳುಗಳು ಒಂದಾದ ಮೇಲೆ ಒಂದು ಆಡುತ್ತಿದ್ದವು. ನಾನು ಜೋರಾಗಿ ಓಡಿಸುತ್ತೇನೆಂದು ಹೆದರಿ ತಟ್ಟುತ್ತಾಳೆ ಎಂದುಕೊಂಡು ವರ್ಷಗಟ್ಟಲೆ ನಿಧಾನವಾಗಿ ಓಡಿಸಿದೆ. ಓಣಿಯಲ್ಲಿ ಸಂಭಾವಿತನೆಂದು ಹೆಸರು ಬಂದದ್ದು ಹಾಗೆ.

ಮಕ್ಕಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಒಂದು ದಿನ, "ಗಿಟಾರ್ ತರೋಣೇನು?" ಎಂದು ಕೇಳಿದೆ.

"ಯಾರಿಗಿ?"

"ನಿನಗ."

"ನನಗ್ಯಾಕ್ರಿ? ನಾಕ್ ದಿನ ಬಾರ್ಸಿ ಮೂಲ್ಯಾಗ ಇಡೋದು, ಆಮ್ಯಾಲ ದಿನಾ ಅದರ ಧೂಳ ಝಾಡ್ಸೋದು. ಇರೋ ಸಾಮಾನ ಸಾಲ್ದಾಗ್ಯಾವೇನು?" ಎಂದವಳು ಒಳಗೆ ಹೋದಳು. ಆದರೆ ಹಿಟ್ಟು ನಾದುವ ಸದ್ದು ಬಹಳ ಹೊತ್ತು ಬರಲಿಲ್ಲ.

ಕೊಂಡು ತಂದರೆ ಬೇಡ ಎನ್ನುತ್ತಾಳೆ, ಕೈಯಾರೆ ಮಾಡಿದ್ದನ್ನು ಹೇಗೆ ಬೇಡ ಎನ್ನುತ್ತಾಳೆ? ಹೀಗೆ ಹುಟ್ಟಿತು ನನ್ನ ಯೋಜನೆ. ಅವಳಿಗೆ ಮಾತ್ರ "ನನಗೊಂದು ಹವ್ಯಾಸ ಬೇಕು, ಬೀಪಿಗೆ ಒಳ್ಳೆಯದು" ಎಂದು ಹೇಳಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅದರಲ್ಲೊಬ್ಬ ಗಡ್ಡದವನು ಹಲಗೆಯನ್ನು ರೊಟ್ಟಿಯ ಹಾಗೆ ಬಾಗಿಸುತ್ತಿದ್ದ. ನನಗೂ ಬರುತ್ತದೆ ಅನ್ನಿಸಿತು. ವಿಡಿಯೋ ನೋಡಿದ ಮೇಲೆ ಎಲ್ಲರಿಗೂ ಎಲ್ಲವೂ ಬರುತ್ತದೆ.

ಹಿಂಬದಿಗೆ, ಪಕ್ಕಗಳಿಗೆ ಸಾಗವಾನಿ ಬೇಕಿತ್ತು. ಔರಾದಿನಲ್ಲಿರುವ ಶಕುಂತಲಾಳ ತಮ್ಮ ವಿಜುವಿನ ಮನೆಯಲ್ಲಿ ಹಳೆಯ ಕಪಾಟಿನ ಬಾಗಿಲುಗಳು ಬಿದ್ದಿದ್ದವು. ಕೇಳಲು ಹೋದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಮಾ, ಗಿಟಾರ್ ಅಂಗಡ್ಯಾಗ ಸಿಗ್ತಾವಲ್ರಿ?" ಎಂದ. ಸಿಗುತ್ತವೆ, ಆದರೆ ನಾನು ಮಾಡುತ್ತೇನೆ ಎಂದೆ. "ಮಾಡ್ರಿ ಮಾಡ್ರಿ. ಬರ್ಲಿಲ್ಲಂದ್ರ ತಂತಿ ಎಲ್ಲಾ ಕಿತ್ತು ಡೋಲ್ ಅನ್ರಿ" ಎಂದು ಬಾಗಿಲುಗಳನ್ನು ಜೀಪಿಗೆ ಹಾಕಿಸಿದ. ಗಿಟಾರು ನಿನ್ನ ಅಕ್ಕನಿಗೆ ಎಂಬ ಗುಟ್ಟು ಹೇಳಿದ್ದರೆ ಅಷ್ಟು ನಗುತ್ತಿರಲಿಲ್ಲವೇನೋ. ಎದುರಿನ ಹಲಗೆಗೆ ಮಾತ್ರ ತಂಪು ದೇಶದ ಬಿಳಿಮರವೇ ಆಗಬೇಕಂತೆ, ದನಿ ಹುಟ್ಟುವುದು ಅದರಲ್ಲೇ ಅಂತೆ. ಕೊರಿಯರಿನಲ್ಲಿ ತರಿಸಿದೆ. ತಿಂಗಳುಗಟ್ಟಲೆ ಕಾದ ಮೇಲೆ ಬಂತು.

ಪಕ್ಕದ ಹಲಗೆ ಬಾಗಿಸಲು ನೀರಲ್ಲಿ ನೆನೆಸಿ ಕಾದ ಕೊಳವೆಗೆ ಒತ್ತಬೇಕು. ಕಾದ ಕೊಳವೆ ಎಲ್ಲಿಂದ ತರಲಿ? ನಮ್ಮ ಬಚ್ಚಲಲ್ಲಿ ಸ್ನಾನದ ನೀರು ಕಾಸುವ ತಾಮ್ರದ ಬಂಬ್ ಇದೆ. ನಡುವೆ ಬೆಂಕಿ, ಸುತ್ತ ನೀರು, ಮೇಲೆ ಹೊಗೆ ಹೋಗುವ ಕೊಳವೆ. ತೊಗರಿಕಟ್ಟಿಗೆ ತುರುಕಿ ಉರಿ ಹಾಕಿದೆ. ಕೊಳವೆ ಕಾಯಿತು, ನಾನೂ ಕಾದೆ. ಹಲಗೆ ಇಟ್ಟು ಒತ್ತಿದರೆ ಚಟಕ್! ಮತ್ತೊಂದು, ಚಟಕ್! ಹೊರಗೆ ಟವಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ ನಮ್ಮವ್ವ, "ಬಸು, ನೀರ ಕುದ್ದು ಹೋದ್ವಲ್ಲೋ. ನಾ ಏನ್ ಜಳಕ ಮಾಡ್ಲೋ, ಅಕ್ಕಿ ಹಾಕ್ಲೋ?" ಎಂದು ಕೂಗಿದಳು. ಕೊನೆಗೆ ರಂದ ಹೊಡೆದು ಇನ್ನಷ್ಟು ತೆಳ್ಳಗೆ ಮಾಡಿ, ಹಸಿ ಬಟ್ಟೆ ಸುತ್ತಿ, ಉಸಿರು ಹಿಡಿದು ಒತ್ತಿದ ಮೇಲೆ ಮರ ನಿಧಾನಕ್ಕೆ ಸೊಂಟ ಬಳುಕಿಸಿತು. ಆ ದಿನ ನಾನು ಆಫೀಸಿಗೆ ಹೋದದ್ದು ಮೈತುಂಬ ಹೊಗೆಯ ವಾಸನೆ ಹೊತ್ತು. ಮ್ಯಾನೇಜರು, "ಎಲ್ಲೆರ ಹೊಲದಾಗ ಜೋಳದ ತೆನಿ ಸುಡೋ ಹುರಡಾ ಪಾರ್ಟಿ ಇತ್ತೇನ್ರಿ?" ಎಂದು ಕೇಳಿದರು.

ಆಮೇಲೆ ಬಂತು ನೋಡಿ ಕಂಟಕ. ಬಿಳಿಹಲಗೆಯನ್ನು ತೆಳ್ಳಗೆ ಮಾಡಿ, ಹಾಳೆಯ ಹಾಗೆ ನಯಮಾಡಿ, ಮರುದಿನ ಅಂಟು ಹಾಕೋಣವೆಂದು ಮಂಚದ ಮೇಲಿಟ್ಟು ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹಲಗೆ ಅಂಗಳದ ಬಿಸಿಲಲ್ಲಿದೆ, ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿದೆ, ಮೇಲೆ ಅರಿಷಿಣ ಕುಂಕುಮ. ನಮ್ಮ ಮನೆಯಲ್ಲಿ ಹೊಸ ಕಟ್ಟಿಗೆಯ ಸಾಮಾನು ಏನು ಬಂದರೂ, ಚಪಾತಿ ಲಟ್ಟಿಸುವ ಲತ್ತುಗುಣಿಯಾಗಲಿ, ರೊಟ್ಟಿ ಮಣೆಯಾಗಲಿ, ಹೊಸ್ತಿಲಾಗಲಿ, ಅವ್ವ ಎಣ್ಣೆ ಕುಡಿಸಿ ಬಿಸಿಲಿಗಿಡುತ್ತಾಳೆ. ಇದಕ್ಕೂ ಕುಡಿಸಿದ್ದಳು.

"ಭಾಳ ಒಣಗಿತ್ತಪ್ಪಾ, ಸೀಳ್ತದಂತ ಕುಸುಬಿ ಎಣ್ಣಿ ಹಚ್ಚೀನಿ. ಎಷ್ಟ್ ಕುಡೀತಂತಿ! ಬಟ್ಟಲ ಖಾಲಿ ಆತು" ಎಂದು ಕೈ ಒರೆಸಿಕೊಂಡಳು, ನಾನು ಶಭಾಷ್ ಎನ್ನುತ್ತೇನೆಂದು ಕಾಯುತ್ತ.

ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಮತ್ತೊಂದು ಹಲಗೆ ತರಿಸುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ. ಅವ್ವನಿಗೆ ಬೈಯಲು ಬಾಯಿ ಬರಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕುಳಿತು, "ಹೋಗಲಿ ಬಿಡು, ಇಲ್ಲಿಗೆ ಮುಗೀತು" ಎಂದೆ. ನನಗೆ ನಾನೇ ಹೇಳಿಕೊಂಡದ್ದು, ಆದರೆ ಅಡುಗೆಮನೆಗೆ ಕೇಳಿಸಿತು.

ಇಷ್ಟು ದಿನ ಈ ಕೆಲಸದ ಕಡೆ ತಿರುಗಿಯೂ ನೋಡದಿದ್ದ ಶಕುಂತಲಾ ಕಡಲೆಹಿಟ್ಟಿನ ಡಬ್ಬಿ ಹಿಡಿದು ಹೊರಬಂದಳು. ಸೀರೆಯ ಮೇಲೆ ಎಣ್ಣೆ ಬಿದ್ದರೆ ಮಾಡುವ ಹಾಗೆ ಹಲಗೆಯ ತುಂಬ ಹಿಟ್ಟು ಹರಡಿ ಬಿಸಿಲಿಗಿಟ್ಟಳು. ಮರುದಿನ ಜಾಡಿಸಿ ಮತ್ತೆ ಹರಡಿದಳು. ಆಮೇಲೆ ಔಷಧದ ಡಬ್ಬಿಯಿಂದ ಸ್ಪಿರಿಟ್ ತಂದು ಹತ್ತಿಯಲ್ಲಿ ಒರೆಸಿದಳು. ಒರೆಸಿ ಒರೆಸಿ, ಒಂದು ಮಧ್ಯಾಹ್ನ ಹಲಗೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಗೆಣ್ಣಿನಿಂದ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಮುಖ ಬೇರೆಯಾಯಿತು. ನಾನು ಭಾಲ್ಕಿಯಲ್ಲಿ ಶೇಂಗಾ ನೋಡುತ್ತ ತಪ್ಪಿಸಿಕೊಂಡದ್ದು ಈ ಮುಖವನ್ನೇ ಇರಬೇಕು.

"ಕೇಳ್ರಿ ಇಲ್ಲಿ. ಸತ್ತಿಲ್ರಿ ಇದು" ಎಂದಳು.

ಅಂಟು ಹಿಡಿಯಿತು. ಅಲ್ಲಿಂದ ಮುಂದೆ ನಾನು ಬರೀ ಕೂಲಿ. ಗಿಟಾರಿನ ಕೊರಳಿನ ಕಟ್ಟಿಗೆ ಕೆತ್ತುತ್ತಿದ್ದಾಗ ಬಂದು ಹಿಡಿದು ನೋಡಿದಳು.

"ಇಷ್ಟ್ ದಪ್ಪ ಯಾಕ್ರಿ? ನನ್ ಕೈ ಎಷ್ಟದ ಅಂತ ನೋಡಿಲ್ಲೇನು?"

"ಇದು ನನ್ನ ಹವ್ಯಾಸಕ್ಕ..." ಎಂದು ತಡವರಿಸಿದೆ.

"ಹ್ಞೂಂ, ನಿಮ್ಮ ಬೀಪಿಗಿ. ಗೊತ್ತದ. ಸ್ವಲ್ಪ ಕೆತ್ರಿ."

ಸಿದ್ಧವಾದ ದಿನ ಅವ್ವ ಮಂಚದ ಮೇಲೆ, ನಾನು ನೆಲದ ಮೇಲೆ. ಶಕುಂತಲಾ ಬಹಳ ಹೊತ್ತು ಶ್ರುತಿ ಮಾಡಿದಳು. ಆಮೇಲೆ ಬೆರಳಾಡಿಸಿದಳು. ಹಾಡು ಸ್ವಲ್ಪ ದೂರ ಹೋಗಿ ನಿಂತಿತು, ಮುಂದಿನದು ಮರೆತಿತ್ತು. ಮತ್ತೆ ಮೊದಲಿನಿಂದ ಹಿಡಿದಳು, ಈ ಸಲ ದಾಟಿದಳು. ಅಂದಿನ ಹಾಡೇ ಹೌದೋ ಅಲ್ಲವೋ ನನಗೆ ತಿಳಿಯದು. ಅವ್ವ ಕಣ್ಣು ಮುಚ್ಚಿ ಕೇಳಿ, "ಇಷ್ಟ ವರ್ಷ ಯಾಕ ಬಾರ್ಸಿಲ್ಲವ್ವಾ ನೀ?" ಎಂದಳು. ಶಕುಂತಲಾ, "ಕಟ್ಟಿಗಿ ಸಿಕ್ಕಿದ್ದಿಲ್ರಿ ಅತ್ತಿ" ಎಂದು ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ದಿನಾ ಬಾರಿಸತೊಡಗಿದ ಮೇಲೆ ಅವಳ ಕಿವಿ ಪೂರ್ತಿ ಎಚ್ಚರವಾಯಿತು. ಒಂದು ಸಂಜೆ ಮೆಲ್ಲಗೆ, "ಬೇಜಾರ ಮಾಡ್ಕೋಬ್ಯಾಡ್ರಿ. ಕೊರಳಿನ ಮ್ಯಾಲಿನ ಐದನೇ ಪಟ್ಟಿ ದಾಟಿದ್ರ ಸುರ ಓಡಿ ಹೋಗ್ತದ. ಅಂಗಡ್ಯಾಗಿಂದು ಒಂದು ತಗೊಳ್ಳೋಣೇನು?" ಎಂದಳು. ಬೇಡ ಬೇಡ ಎಂದವಳು ತಾನಾಗಿಯೇ ಬೇಕು ಎಂದಿದ್ದಳು. ನಾನು ಗೆದ್ದೆನೋ ಸೋತೆನೋ ಲೆಕ್ಕ ಹಾಕುವುದರೊಳಗೆ ನಾವು ಹೈದರಾಬಾದಿನ ಬಸ್ಸಿನಲ್ಲಿದ್ದೆವು. ಅಂಗಡಿಯವನ ಮುಂದೆ ಅವಳು ಹೆಮ್ಮೆಯಿಂದಲೇ, "ನಮ್ಮನಿಯವ್ರು ಒಂದ್ ಗಿಟಾರ್ ಕೈಲೇ ಮಾಡ್ಯಾರ್ರಿ" ಎಂದಳು. ಅವನು ನನ್ನ ಕಡೆ ತಿರುಗಿ, ಆರ್ಡರ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಶಕುಂತಲಾ, "ಬ್ಯಾಡ್ ಬ್ಯಾಡ್ರಿ, ಇವರಿಗಿ ಆಫೀಸ್ ಅದ" ಎಂದಳು.

ಹೊಸ ಗಿಟಾರು ಬಾರಿಸುತ್ತಿರುವ ಅವಳ ಫೋಟೋವನ್ನು ಕಳೆದ ವಾರ ಫೇಸ್‌ಬುಕ್ಕಿಗೆ ಹಾಕಿದೆ. ನಾನು ಗಿಟಾರು ಮಾಡುತ್ತಿದ್ದದ್ದು ಅಲ್ಲಿನ ಗೆಳೆಯರಾದ ನಿಮಗೆಲ್ಲ ಗೊತ್ತಿತ್ತಲ್ಲ, ನೀವು ಮುಗಿಬಿದ್ದಿರಿ. ಏನು ಪಾಲಿಶು ಸರ್, ಏನು ಫಿನಿಶಿಂಗು, ಎಂಥ ಕೈಚಳಕ! ಇದು ಅಂಗಡಿಯದು ಎಂದು ಬರೆಯಲು ಕುಳಿತೆ, ಅಷ್ಟರಲ್ಲಿ ಹೊಗಳಿಕೆ ಇನ್ನೂ ಬರುತ್ತಿತ್ತು, ಕೈ ಸುಮ್ಮನೆ ಎಲ್ಲರಿಗೂ ನಮಸ್ಕಾರದ ಚಿತ್ರ ಒತ್ತುತ್ತ ಹೋಯಿತು. ಶಕುಂತಲಾ ಹಿಂದೆ ನಿಂತು ಒಂದೊಂದನ್ನೂ ಓದಿದಳು.

"ತಗೋರಿ, ತಗೋರಿ ಶಭಾಷಿ" ಎಂದಳು. "ಕಟ್ಟಿಗಿ ಕಂಡ್ತು ಎಲ್ಲಾರಿಗಿ. ಬಾರ್ಸಾಕಿ ಯಾರು ಅಂತ ಒಬ್ಬರರೆ ಕೇಳ್ಯಾರೇನು ನೋಡ್ರಿ."

ಮೇಲಿಂದ ಕೆಳಗೆ ನೋಡಿದೆ. ಒಬ್ಬರೂ ಕೇಳಿರಲಿಲ್ಲ. ಫೋಟೋದ ಮೇಲೆ ಅವಳ ಹೆಸರು ಹಾಕಲು ನಾನೂ ಮರೆತಿದ್ದೆ.