ಹರವೆ ಮೇಷ್ಟ್ರ ಎರಡು ಲ್ಯಾಪ್‌ಟಾಪು, ಮಧ್ಯೆ ಒಂದು ವೈರು

ಕುಂತ್ಕಳಿ ಕುಂತ್ಕಳಿ, ಈಗ್ಲೇ, ಇನ್ನ ಒಂದ್ ಗಂಟೆನೂ ಆಗಿಲ್ಲ, ನನ್ನ ಅಂಗ್ಡೀಲಿ ನಡ್ದಿದ್ದ ಯೋಳುದ್ರೆ ನೀವು ನಂಬಕಿಲ್ಲ! ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹಿಂದ್ಗಡೆ ಕಂಪ್ಯೂಟರ್ ರಿಪೇರಿ ಅಂಗ್ಡಿ ಮಡಿಕ್ಕಂಡವ್ನಿಗೆ ಇಂತವು ವಾರಕ್ಕೊಂದು ಆಯ್ತಾನೇ ಇರ್ತವೆ ಬುಡಿ. ಮೊನ್ನೆ ಒಬ್ರು ಪ್ರಿಂಟರ್ ತಂದು, "ಇದು ಕೆಮ್ತದೆ ಕಣಪ್ಪ, ಒಸಿ ಎದೆ ನೋಡು" ಅಂದ್ರು. ಇನ್ನೊಬ್ರ ಕೀಬೋರ್ಡ್ ತಲೆಕೆಳಗೆ ಮಾಡುದ್ರೆ ಅರ್ಧ ಸೇರು ಕಳ್ಳೇಪುರಿ ಉದುರ್ತು. ಅವೆಲ್ಲ ನಗಾಡ್ಕಂಡು ಮರ್ತ್ಬುಟ್ಟೆ. ಇವತ್ತಿನ್ದು ಅಂಗಲ್ಲ. ಇವತ್ತಿನ್ದು ನನ್ನ ಮದ್ವೆ ವಿಚಾರ!

ಈರುಳ್ಳಿ ಚೀಲ

ಬೆಳಗ್ಗೆ ಬಾಗಿಲು ತಗ್ದು ಕಸ ಗುಡಿಸ್ತಿದ್ದೆ. ಹರವೆ ಮೇಷ್ಟ್ರು ಈರುಳ್ಳಿ ಚೀಲ ಹೆಗಲ್ ಮೇಲೆ ಹಾಕ್ಕಂಡು ಬಂದ್ರು. ರಿಟೈರ್ ಆದ್ಮೇಲೆ ಅವ್ರ ಕೆಲ್ಸ ಒಂದೇ, ಗಂಡು ಹೆಣ್ಣು ಕೂಡ್ಸದು. ಚಾಮರಾಜನಗರದಿಂದ ನಮ್ಮ ಭೀಮನಬೀಡಿನ ತಂಕ ಯಾವ ಮನೇಲಿ ಗಂಡು ಬೆಳ್ದದೆ, ಯಾವ ಮನೇಲಿ ಹೆಣ್ಣು ಓದು ಮುಗ್ಸದೆ, ಎಲ್ಲಾ ಅವ್ರ ಲ್ಯಾಪ್‌ಟಾಪ್‌ನಲ್ಲೇ ಇರದು. ನನ್ನ ಫೋಟೋ, ಜಾತಕನೂ ಎರಡು ವರ್ಷದಿಂದ ಅದ್ರೊಳ್ಗೇ ಕುಂತವೆ. ಒಂದ್ ಮನೆಯಿಂದ್ಲಾದ್ರೂ ಫೋನ್ ಬರ್ಬೇಕಲ್ಲ? ಉಹೂಂ. ನಮ್ಮವ್ವ ದಿನಾ ಮುದ್ದೆ ಇಕ್ಕುವಾಗ, "ಮೇಷ್ಟ್ರು ಏನಂದ್ರು ಮಗ?" ಅಂತಾಳೆ. ನಾನು ಮುದ್ದೆ ನೋಡ್ತೀನಿ.

ಚೀಲದಿಂದ ಎರಡು ಲ್ಯಾಪ್‌ಟಾಪ್ ಬಂದೋ. ಒಂದು ಅವ್ರದೇ ಹಳೇ ಕರೀದು. ಕತ್ತು ಮುರ್ದೋಗಿ, ಗೋಡೆಗೆ ಒರಗಿಸುದ್ರೆ ಮಾತ್ರ ನಿಲ್ಲದು. ಇನ್ನೊಂದು ಅವ್ರ ಮಗ್ಳು ಬುಟ್ಟೋಗಿದ್ದು, ಅದೂ ಮುದ್ಕನೇಯ.

"ಇದರಲ್ಲಿರೋ ಗಂಡು ಹೆಣ್ಣು ಎಲ್ಲಾನೂ ಅದಕ್ಕೆ ದಾಟಿಸಿಕೊಡು" ಅಂದ್ರು.

ಪೆನ್‌ಡ್ರೈವ್ ಹಾಕನ ಅಂದ್ರೆ ಕರೀದ್ರಲ್ಲಿ ಅದ್ರ ತೂತುಗಳೆಲ್ಲ ಸತ್ತೋಗವೆ. ವೈಫೈ ಇಲ್ಲ. "ಸಾ, ಹಾರ್ಡ್‌ಡಿಸ್ಕ್ ಬಿಚ್ಚುಬುಡನ" ಅಂದೆ.

ಮೇಷ್ಟ್ರು ಲ್ಯಾಪ್‌ಟಾಪ್ ಎದೆಗೆ ಅವಚ್ಕಂಡ್ರು. "ಹೊಟ್ಟೆ ಕುಯ್ಯೋ ಮಾತಾಡಬೇಡ ಕಣ್ಲಾ. ಇದರೊಳಗೆ ಮದುವೆ ಆಗದೇ ಇರೋ ಹೆಣ್ಣುಮಕ್ಕಳು ಅವ್ರೆ!"

ಬಾಯಲ್ಲಿ ಬರದ ಪಾಸ್‌ವರ್ಡು

ಸರಿ, ಎರಡಕ್ಕೂ ಒಂದು ನೆಟ್‌ವರ್ಕ್ ವೈರ್ ಹಾಕಿ ನೇರ ಜೋಡುಸ್ಬುಡನ ಅಂತ ಮಗ್ಳ ಲ್ಯಾಪ್‌ಟಾಪ್ ಆನ್ ಮಾಡ್ದೆ. ಪಾಸ್‌ವರ್ಡ್ ಕೇಳ್ತು.

"ಅದು ನಮ್ಮನೆಯವಳು ಹಾಕಿರೋದು. ಧಾರಾವಾಹಿ ನೋಡ್ತಾಳೆ" ಅಂತ ಮೇಷ್ಟ್ರು ಫೋನ್ ಹಚ್ಚಿ ನನ್ ಕೈಗೆ ಕೊಟ್ರು.

"ಅಮ್ಮಾ, ಪಾಸ್‌ವರ್ಡ್ ಏನಮ್ಮಾ?"

"ಅಯ್ಯೋ, ಅದ ನಾನ್ ಎಂಗ್ ಯೋಳನಪ್ಪ? ಅವ್ರನ್ನೇ ಕೇಳು."

ಮೇಷ್ಟ್ರ ಕೇಳುದ್ರೆ, "ನನಗೇನು ಗೊತ್ತು? ಅವಳನ್ನೇ ಕೇಳು."

"ಅವ್ರಿಗೆ ಗೊತ್ತಿಲ್ವಂತೆ ಕಣಮ್ಮಾ."

"ಅವ್ರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಪ್ಪ? ಹುಟ್ದಾಗ್ನಿಂದ ಅವ್ರತ್ರನೇ ಅದೆ!"

ನಾನು ಇಬ್ರ ಮಧ್ಯೆ ಹತ್ತು ನಿಮಿಷ ಒದ್ದಾಡ್ದೆ. ಆಮೇಲೆ ಆ ಕಡೆ ಅವ್ರ ಪಕ್ಕದ್ಮನೆ ಹೆಂಗಸು ಫೋನ್ ಇಸ್ಕಂಡು ಬೈದ್ರು: "ಲೋ, ಗಂಡನ ಹೆಸ್ರು ಕಣ್ಲಾ ಅದು! ಬಾಯಲ್ಲಿ ಎಂಗೆ ಯೋಳಾಳು?"

ನಾನು ಫೋನ್ ತಿರ್ಗಾ ಅಮ್ಮನ ಕೈಗೇ ಕೊಡ್ಸಿ, "ಅಲ್ಲಮ್ಮಾ, ಯೋಳಬಾರ್ದು ಅನ್ನೋರು ಅದನ್ನ ಪಾಸ್‌ವರ್ಡ್ ಯಾಕ್ ಮಡಗುದ್ರಿ?" ಅಂದೆ.

"ಒತ್ತಕ್ಕೆ ಏನ್ ದೋಷ ಮಗ? ದಿನಕ್ ಮೂರ್ ಸಲ ಒತ್ತ್‌ತೀನಿ. ಒಂದೊಂದ್ ಸಲ ಸಿಟ್ ಬಂದ್ರೆ ಜೋರಾಗೇ ಒತ್ತ್‌ತೀನಿ!"

ಸಂಬಂಧ ನೋಡೋದು

ವೈರ್ ಹಾಕ್ದೆ. ಎರಡೂ ಒಂದನ್ನೊಂದು ಕಣ್ಣೆತ್ತಿ ನೋಡ್ಲಿಲ್ಲ. ಇಂತಾಗ ಎರಡಕ್ಕೂ ನಾವೇ ಐಪಿ ನಂಬರ್ ಕೊಡ್ಬೇಕು. ಮೇಷ್ಟ್ರು ಕನ್ನಡಕ ಏರ್ಸ್ಕಂಡು ಪಕ್ಕಕ್ ಬಂದ್ರು. "ಏನದು ನಂಬರು?"

"ಅದ್ರಲ್ಲಿ ನಾಕ್ ಭಾಗ ಸಾ. ಮೊದ್ಲ ಮೂರೂ ಎರಡಕ್ಕೂ ಒಂದೇ ಇರ್ಬೇಕು. ಕೊನೇದು ಮಾತ್ರ ಬೇರೆ."

"ಕೊನೇದೂ ಒಂದೇ ಆದರೆ?"

"ಕಿತ್ತಾಡ್ತವೆ ಸಾ, ಕೂಡಕಿಲ್ಲ."

ಮೇಷ್ಟ್ರು ತೊಡೆ ತಟ್ಟುದ್ರು. "ಇದನ್ನೇ ಕಣಯ್ಯ ನಾನು ಹತ್ತು ವರ್ಷದಿಂದ ಬಡ್ಕೋತಿರೋದು! ಜನ ಒಂದೇ ಇರಬೇಕು, ಬೆಡಗು ಅಂದರೆ ಗೋತ್ರ ಬೇರೆ ಇರಬೇಕು. ಬೆಡಗೂ ಒಂದೇ ಆದರೆ ಅಣ್ಣ ತಂಗಿ ಆಗ್ತಾರೆ, ಸಂಬಂಧ ಕೂಡಲ್ಲ. ಇದನ್ನ ಕಂಡುಹಿಡಿದವನು ಯಾರೋ ನಮ್ಮ ಕಡೆಯವನೇ!"

ಅಷ್ಟಕ್ಕೇ ಬುಡ್ಲಿಲ್ಲ. ಯಾವ್ದು ಹೆಣ್ಣಿನ ಕಡೆ ಅಂತ ಕೇಳುದ್ರು. ಕೊಡೋದು ಕರೀದು ಸಾ, ಅದೇ ಅಂದೆ. ಪಂಚಾಂಗ ತಗ್ದು ರಾಹುಕಾಲ ನೋಡಿ, ನಲವತ್ತು ನಿಮಿಷ ನನ್ ಬೆರಳು ಎಂಟರ್ ಗುಂಡಿ ಮೇಲೇ ನಿಲ್ಸುದ್ರು. ಆಮೇಲೆ ಎರಡರ ಮೇಲೂ ನಾಕ್ ಕಾಳು ಅಕ್ಷತೆ ಹಾಕಿ, "ಈಗ ಒತ್ತು" ಅಂದ್ರು. ಒಂದ್ ಕಾಳು ಎಂಟರ್ ಕೆಳಗೇ ಸಿಕ್ಕಂಡು, ಗುಂಡಿ ಒಳಕ್ ಓಗದೆ ಇನ್ನ ಹತ್ತು ನಿಮಿಷ ತಡ ಆಯ್ತು!

ಕಷ್ಟ

ಕಾಪಿ ಶುರು ಆಯ್ತು. ಮೊದ್ಲು ಎಂಟು ನಿಮಿಷ ಅಂತು, ಆಮೇಲೆ ಎರಡು ದಿನ ಅಂತು, ಆಮೇಲೆ ಒಂದ್ ಗಂಟೆಗೆ ಒಪ್ಕಂತು. ಮೇಷ್ಟ್ರು ಊಟಕ್ಕೆ ಓದ್ರು.

ನಾನೇನ್ ಕದ್ದು ನೋಡ್ಬೇಕು ಅಂತಿರ್ಲಿಲ್ಲ ಕಣ್ರೀ. ಕಣ್ಮುಂದೇನೇ ಓಯ್ತಿದ್ರೆ ಏನ್ ಮಾಡನ? ಒಂದು ಫೋಲ್ಡರ್ 'ಗಂಡು', ಒಂದು 'ಹೆಣ್ಣು', ಒಂದು 'ಆದದ್ದು'. ಕೊನೇದು 'ಕಷ್ಟ'. ಯಾರಪ್ಪ ಪಾಪ ಅಂತ ಕರೀದ್ರಲ್ಲೇ ತಗ್ದೆ. ಒಬ್ಬನೇ ಅವ್ನೆ. ನಾನು!

ಫೋಟೋ, ಜಾತಕ, ಹೊಲ ಎಷ್ಟು, ಎಲ್ಲಾ ಸರಿಯಾಗದೆ. ಹಾಳೆ ತಳದಲ್ಲಿ ಮೇಷ್ಟ್ರ ಷರಾ: "ಹುಡುಗ ಒಳ್ಳೆಯವನು. ಆದರೆ ಮಾತು ವಿಪರೀತ. ಫೋಟೋ ತೆಗೆಯಲು ಬಾಯಿ ಮುಚ್ಚಿಸುವಷ್ಟರಲ್ಲಿ ಸಂಜೆಯಾಯಿತು. ಹುಡುಗಿಯ ಕಿವಿ ಗಟ್ಟಿ ಇದ್ದರೆ ಮಾತ್ರ ಮುಂದುವರಿಯಿರಿ."

ಮೇಷ್ಟ್ರು ಯಾರ್ಗಾರು ವಿವರ ಕಳ್ಸದು ಎಂಗೆ ಗೊತ್ತಾ? ಈ ಹಾಳೇನ ಅಂಗೇ, ಸ್ಕ್ರೀನ್ ಮೇಲೇ ಮೊಬೈಲ್‌ನಲ್ಲಿ ಫೋಟೋ ಹೊಡ್ದು ಕಳ್ಸದು. ಅಂದ್ರೆ ಎರಡು ವರ್ಷದಿಂದ ಹೆಣ್ಣಿನ ಮನೆಯವ್ರೆಲ್ಲ ಇದ್ನೇ ಓದವ್ರೆ!

ಕಾಪಿ ಮುಗಿದ ತಕ್ಷಣ, ಮಗ್ಳ ಲ್ಯಾಪ್‌ಟಾಪ್‌ಗೆ ಬಂದ ಹಾಳೇಲಿ ಷರಾ ಅಳಿಸ್ಬುಟ್ಟೆ. "ಹುಡುಗ ಮಿತಭಾಷಿ. ಕೇಳಿದ್ದಕ್ಕಷ್ಟೇ ಉತ್ತರ. ಬಂಗಾರದಂಥ ಮೌನ" ಅಂತ ಬರ್ದು, 'ಕಷ್ಟ'ದಿಂದ ನನ್ನೇ ನಾನು ಎಳ್ಕಂಡೋಗಿ 'ಗಂಡು' ಒಳ್ಗಡೆ ಮೊದಲ್ನೇ ಜಾಗದಲ್ಲಿ ಕೂರುಸ್ದೆ. ಎರಡು ವರ್ಷದಲ್ಲಿ ನನ್ ಮದ್ವೆಗೆ ಅಂತ ಯಾರಾರು ಓಡಾಡಿದ್ರೆ ಅದು ನಾನೊಬ್ನೇ!

ಫೋನು

ಮೇಷ್ಟ್ರು ಊಟದಿಂದ ಓಡ್ಕಂಡ್ ಬಂದ್ರು. "ಲೋ, ನಿನ್ನ ಅದೃಷ್ಟ ಕಣ್ಲಾ! ಚಾಮರಾಜನಗರದ ಒಬ್ಬರು ಈಗಷ್ಟೇ ಫೋನ್ ಮಾಡಿದ್ರು. ಅವರ ಮಗಳು ಮೂರು ಗಂಡು ನೋಡಿದಳಂತೆ, ಮೂರೂ ಬಾಯೇ ಬಿಡಲಿಲ್ಲವಂತೆ. ಒಬ್ಬನನ್ನ ಹೆಸರು ಕೇಳಿದ್ದಕ್ಕೆ ಅವರಪ್ಪನ ಮುಖ ನೋಡಿದನಂತೆ! ಮಾತಾಡೋ ಗಂಡೇ ಬೇಕು ಅಂತ ಹಠ. ನನ್ನ ಹತ್ತಿರ ಒಬ್ಬ ಅವನೆ, ನಿಲ್ಲಿಸೋದೇ ಇಲ್ಲ ಅಂದೆ!"

ಮಾತಾಡ್ತಾನೇ ಮಗ್ಳ ಲ್ಯಾಪ್‌ಟಾಪ್‌ನಲ್ಲಿ ನನ್ ಹಾಳೆ ತಗ್ದು ಮೊಬೈಲ್ ಹಿಡುದ್ರು.

"ಸಾ ಸಾ, ಕರೀದ್ರಲ್ಲೇ ಹೊಡೀರಿ ಸಾ, ಅದ್ರಲ್ಲಿ ಚೆನ್ನಾಗ್ ಬತ್ತದೆ!"

"ಇದರಲ್ಲೇ ಫಳಫಳ ಅಂತದಲ್ಲ" ಅಂತ ಹೊಡ್ದೇಬುಟ್ರು, ಕಳ್ಸೇಬುಟ್ರು. ಓದ್ಲೇ ಇಲ್ಲ!

ಎರಡೇ ನಿಮಿಷ. ಆ ಕಡೆಯಿಂದ ಹುಡ್ಗಿ ಅಪ್ಪ. ಮೇಷ್ಟ್ರು ಸ್ಪೀಕರ್ ಹಾಕುದ್ರು. "ಏನ್ ಮೇಷ್ಟ್ರೆ, ಬಂಗಾರದಂಥ ಮೌನ ಅಂತ ಬರ್ದಿದ್ದೀರಿ? ಇವ್ನು ನಾಲ್ಕನೆಯವ್ನಾ?"

ಮೇಷ್ಟ್ರು ಬಗ್ಗಿ ನೋಡುದ್ರು. ಗೋಡೆಗೊರಗಿದ್ದ ಕರೀದ್ರಲ್ಲಿ 'ಮಾತು ವಿಪರೀತ' ತೆಗ್ದಂಗೇ ಅದೆ, ನಾನ್ ಮುಚ್ಚೋದೇ ಮರ್ತಿದ್ದೆ. ಪಕ್ಕದ್ರಲ್ಲಿ 'ಮಿತಭಾಷಿ'. ಮಧ್ಯೆ ವೈರು. ಅದ ನೋಡುದ್ರು, ಇದ ನೋಡುದ್ರು, ನನ್ನ ನೋಡುದ್ರು.

"ಏನ್ಲಾ ಇದು? ದಾಟೋವಾಗ ಮಾತೆಲ್ಲ ವೈರಿನಲ್ಲಿ ಸೋರಿಹೋಯ್ತಾ?"

ಅಷ್ಟರಲ್ಲಿ ಫೋನ್‌ನಲ್ಲಿ ಹುಡ್ಗಿನೇ ಬಂದ್ಳು! "ಅಲ್ಲೇ ಅವ್ರೇನು? ನೀವ್ ಮಾತಾಡ್ತೀರೋ ಇಲ್ವೋ? ನೀವೇ ಯೋಳಿ."

ಮೇಷ್ಟ್ರು ಫೋನ್ ನನ್ ಮೂತಿಗೆ ಹಿಡುದ್ರು. ಹೂಂ, ಮಾತಾಡ್ತೀನಿ ಅಂದ್ರೆ ಷರಾ ತಿದ್ದಿದ್ ಕಳ್ಳ ನಾನೇ ಅಂತ ಒಪ್ಕಂಡಂಗೆ, ಮೇಷ್ಟ್ರು ಚೀಲ ಎತ್ಕಂಡು ಓಯ್ತಾರೆ. ಸುಮ್ನಿದ್ರೆ ಹುಡ್ಗಿ ಓಯ್ತಾಳೆ. ಹುಟ್ದಾಗ್ನಿಂದ ಒಂದ್ ದಿನಾನೂ ನಿಲ್ದಿದ್ದ ಬಾಯಿ, ಇವತ್ತೇ, ಆ ಗಳಿಗೇಲೇ ನಿಂತೋಯ್ತು ಕಣ್ರೀ. ಏನ್ ಮಾಡ್ದೆ ಗೊತ್ತಾ? ಫೋನ್‌ಗೆ ತಲೆ ಅಲ್ಲಾಡಿಸ್ದೆ!

ನಗ್ಬೇಡಿ. ನೀವಾಗಿದ್ರೆ ಏನ್ ಮಾಡ್ತಿದ್ರಿ, ಯೋಳಿ ನೋಡನ?