ಕಿರೀಟದ ಕತ್ತೆ ಕಾಯ್ದ ಸಾಲಿ

ದೇವರು ಕೆಲವರಿಗೆ ನಗಿಸುವ ಕಲೆ ಕೊಡುತ್ತಾನೆ. ನನಗೆ ಅದನ್ನು ಕೊಡಲಿಲ್ಲ. ಬದಲಿಗೆ ನಮ್ಮೂರ ಸರ್ಕಾರಿ ಶಾಲೆಯ ಅಧ್ಯಕ್ಷಗಿರಿ ಕೊಟ್ಟ. ಅಲ್ಲಿ ಸುಮ್ಮನೆ ಕೂತರೆ ಸಾಕು, ನಗುವ ಸಂಗತಿಗಳು ತಾವಾಗಿಯೇ ನಡೆದು ಬಂದು ಎದುರಿಗೆ ಕೂಡುತ್ತವೆ.

ನಮ್ಮದು ಕುಷ್ಟಗಿ ತಾಲ್ಲೂಕಿನಲ್ಲಿ, ತಾವರಗೇರಾ ಕಡೆಯ ಸಣ್ಣ ಊರು. ಶಾಲೆ ಏಳನೆಯ ತರಗತಿಯವರೆಗೆ. ನಾನೂ ಅಲ್ಲೇ ಕಲಿತವನು. ಮುಂದೆ ಓದಬೇಕೆಂದರೆ ಬಸ್ಸು ಹತ್ತಬೇಕು. ಬಸ್ಸು ಬಂದರೆ ನಿಲ್ಲುವುದಿಲ್ಲ, ನಿಂತರೆ ಕಾಲಿಡಲು ಜಾಗವಿರುವುದಿಲ್ಲ. ಗಂಡುಹುಡುಗರು ಬಾಗಿಲಿಗೆ ಜೋತುಬಿದ್ದಾದರೂ ಹೋಗುತ್ತಾರೆ. ಹುಡುಗಿಯರ ಓದು ಮಾತ್ರ ಏಳಕ್ಕೇ ನಿಲ್ಲುತ್ತಿತ್ತು. ನನ್ನ ಕೊನೆಯ ಮಗಳು ಆರನೆಯ ತರಗತಿಗೆ ಬಂದಾಗ ನನ್ನ ಮನೆಯಾಕೆ ಕಡ್ಡಿ ಮುರಿದಂತೆ ಹೇಳಿದಳು: "ಎಂಟನೇತ್ತ ಊರಾಗ ತೆರದ್ರ ಓದ್ತಾಳ. ಬಸ್ಸಿಗೆ ಮಾತ್ರ ನಾ ಕಳಸೂದಿಲ್ಲ."

ಮಗಳು ಮೂಲೆಯಲ್ಲಿ ಕೂತು ಪುಸ್ತಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ನೋಟವೇ ಮುಂದಿನದಕ್ಕೆಲ್ಲ ಕಾರಣ.

ಸೋಮವಾರದ ಮೌನ

ಶ್ರಾವಣ ಸೋಮವಾರದ ದಿನ ಮಧ್ಯಾಹ್ನದ ಪೂಜೆ ಮುಗಿಯುವವರೆಗೆ ನಾನು ಮಾತಾಡುವುದಿಲ್ಲ. ಅಪ್ಪನಿಂದ ಬಂದ ವ್ರತ. ಅಂಥದೇ ಒಂದು ಸೋಮವಾರ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ಶಾಲೆಯನ್ನು ನೋಡಿಕೊಳ್ಳುವ ಪಾಲಕರ ಸಮಿತಿಗೆ ಅಧ್ಯಕ್ಷನನ್ನು ಆರಿಸಬೇಕಿತ್ತು. ಒಬ್ಬರು ಹೊಲ ಅಂದರು, ಒಬ್ಬರು ಮೊಣಕಾಲು ನೋವು ಅಂದರು. ಕಡೆಗೆ ಕಿರಾಣಿ ಅಂಗಡಿಯವನು ನನ್ನ ಕಡೆ ಬೊಟ್ಟು ಮಾಡಿದ: "ನಮ್ಮ ಶರಣರು ಆಗ್ಲಿ ಬಿಡ್ರಿ. ಒಲ್ಲೆ ಅಂದ್ರ ಬ್ಯಾಡ."

ಒಲ್ಲೆ ಅನ್ನುವ ಹಾಗಿಲ್ಲವಲ್ಲ! ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದೆ.

"ನೋಡ್ರಿ, ಮಂದಿ ಒಂದು ಕೈ ಎತ್ತಿದ್ರ ಇವರು ಎರಡೂ ಎತ್ಯಾರ!" ಎಂದ ಅಂಗಡಿಯವನು.

ಚಪ್ಪಾಳೆ ಬಿತ್ತು. ಹೊರಗೆ ಹೋಗೋಣವೆಂದು ಎದ್ದರೆ, "ಮಾತಾಡಾಕ ಎದ್ದಾರ, ಗದ್ದಲ ಮಾಡಬ್ಯಾಡ್ರಿ" ಎಂದರು. ಬಿಟ್ಟುಬಿಡಿರಪ್ಪಾ ಎಂದು ಕೈ ಮುಗಿದೆ. ಸಭೆಯೆಲ್ಲ ತಿರುಗಿ ಕೈ ಮುಗಿಯಿತು. ಹೆಡ್ ಅಕ್ಕೋರು ಹಾರ ಹಾಕಿದರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರು. ಇವರು ಅವರಿಗೆಲ್ಲ ಹಿರಿಯರು.

ಮನೆಗೆ ಬಂದು ಪೂಜೆ ಮುಗಿಸಿ, ಬಾಯಿ ಬಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಮನೆಯಾಕೆ ರೊಟ್ಟಿ ತಿರುವಿ ಹಾಕುತ್ತ ಅಂದಳು: "ಭಾಷಣ ಮಾಡಿ ಮಾಡಿ ಮಂದಿ ಸೋಲ್ತಾರ. ಬಾಯಿ ಮುಚ್ಚಿಕೊಂಡು ಆರಿಸಿ ಬಂದವರು ನೀವ ಮೊದಲನೇದವರು. ಇನ್ನ ಮುಂದೂ ಹಂಗ ಇರ್ರಿ."

ಬ್ಯಾನರ್ ಹಿಡಿದ ಮಗ

ಜೂನ್ ಬಂದರೆ ಮಕ್ಕಳನ್ನು ಶಾಲೆಗೆ ಸೇರಿಸಿರೆಂದು ಓಣಿ ಓಣಿ ತಿರುಗುವ ಮೆರವಣಿಗೆ ತೆಗೆಯಬೇಕು. ಮುಂದೆ ಹಲಗಿ ಬಾರಿಸುವವರು, ಹಿಂದೆ ಮಕ್ಕಳು, ನಡುವೆ ನಾನು ಮತ್ತು ಅಕ್ಕೋರು. "ಮಕ್ಕಳ ಜಾಗ ಎಲ್ಲಿ? ಸಾಲಿಯಲ್ಲಿ, ಸಾಲಿಯಲ್ಲಿ!" ಎಂದು ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಿದ್ದವು.

ಒಬ್ಬ ಕುರಿಗಾರ ಕಟ್ಟೆಯ ಮೇಲೆ ಕೂತಿದ್ದ. ನಾನು ಹತ್ತಿರ ಹೋಗಿ, ಅಧ್ಯಕ್ಷನ ಗತ್ತಿನಲ್ಲಿ, "ತಮ್ಮಾ, ನಿನ್ನ ಮಗನ್ನ ಸಾಲಿಗೆ ಕಳಸಪಾ" ಅಂದೆ.

ಅವನು ನಿಧಾನವಾಗಿ ತಂಬಾಕು ಉಗುಳಿ ಅಂದ: "ಮುಂಜಾನೆ ಮೈ ತೊಳದು ಸಾಲಿಗೇ ಕಳಿಸೀನ್ರಿ ಅಜ್ಜಾರ. ನೀವ ಅವನ್ನ ಓಣ್ಯಾಗ ತಿರಗಾಕ ಹಚ್ಚೀರಿ. ಅಲ್ಲಿ ನೋಡ್ರಿ, ಬ್ಯಾನರ್ ಹಿಡಕೊಂಡು ನಿಂತಾನ."

ರುಚಿ ನೋಡುವ ಹುದ್ದೆ

ಮಕ್ಕಳಿಗೆ ಬಡಿಸುವ ಮೊದಲು ಬಿಸಿಯೂಟದ ರುಚಿಯನ್ನು ದೊಡ್ಡವರೊಬ್ಬರು ನೋಡಬೇಕು. ನಾನು ಹೋದ ದಿನ ಆ ಕೆಲಸ ನನ್ನದೇ. ಅನ್ನ ಸಾರು ಆದರೆ ಸಂತೋಷ. ಒಂದು ದಿನ ಹೋದಾಗ ಮೊಟ್ಟೆಯ ದಿನವಾಗಿತ್ತು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಹೊಸ್ತಿಲು ದಾಟಿಲ್ಲ. ಶಾಲೆಯಲ್ಲಿ ಬೇಕಾದವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು, ಎರಡು ಸಾಲು. ನನ್ನ ಮಗಳು ಹಣ್ಣಿನ ಸಾಲಿನಲ್ಲಿ ಜಡೆ ಮುಂದೆ ಹಾಕಿಕೊಂಡು ಶಿಸ್ತಾಗಿ ನಿಂತದ್ದು ಕಂಡು ಮನಸ್ಸು ತುಂಬಿತು.

ಅಡುಗೆಯಾಕೆ ಸುಲಿದ ಮೊಟ್ಟೆಯೊಂದನ್ನು ತಾಟಿನಲ್ಲಿಟ್ಟು ಬಂದಳು. ಅವಳಿಗೆ ನನ್ನ ಮನೆತನ ಗೊತ್ತು, ಆದರೂ ಕೀಟಲೆ. "ರುಚಿ ನೋಡ್ರಿ ಅಧ್ಯಕ್ಷರ. ನೀವು ಬರೂದು ತಡಾ ಆತು, ಬಡಸೂದು ಸುರು ಮಾಡೀವಿ."

"ನನ್ನ ಬದಲಿ ಯಾರರ ನೋಡ್ರವಾ" ಎಂದೆ.

ಹಿಂದಿನಿಂದ ಬಾಯಿ ತುಂಬಿದ ದನಿ ಬಂತು: "ನಾ ನೋಡೀನಿ ಯಪ್ಪಾ. ಛಲೋ ಐತಿ. ಉಪ್ಪು ಒಂದೀಟು ಬೇಕಿತ್ತು."

ತಿರುಗಿ ನೋಡಿದರೆ ನನ್ನ ಮಗಳು. ಅವಳ ಬಾಳೆಹಣ್ಣು ಗೆಳತಿಯ ಕೈಯಲ್ಲಿತ್ತು, ಗೆಳತಿಯ ಪಾಲಿನ ಮೊಟ್ಟೆ ಇವಳ ಗಲ್ಲದೊಳಗಿತ್ತು. ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಅಂಗಳದ ತುಂಬ ಕೂತು ಉಣ್ಣುತ್ತಿದ್ದ ಮಕ್ಕಳನ್ನು ನೋಡಿದೆ. ನಾನು ಅಲ್ಲಿ ಕಲಿಯುವಾಗ ಮಧ್ಯಾಹ್ನ ನೀರು ಕುಡಿದು ಕೂತವರಿದ್ದರು. ಈ ಮಕ್ಕಳ ಮುಖಗಳು ತುಂಬಿಕೊಂಡಿವೆ. ಅನ್ನ ಕೊಟ್ಟವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಅಂದು ಸೋಮವಾರವಲ್ಲ. ಆದರೂ ಮನೆಗೆ ಹೋಗಿ ಮೌನ ಹಿಡಿದೆ.

ನಿಂದೇನೈತಿ ಇದರಾಗ?

ಎಂಟನೆಯ ತರಗತಿಗಾಗಿ ಅಕ್ಕೋರು ಅರ್ಜಿಯ ಮೇಲೆ ಅರ್ಜಿ ಬರೆದರು. ಕಡೆಗೆ ಕುಷ್ಟಗಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ನೋಡಲು ಬಂದರು. ಮಕ್ಕಳ ಓದು ಕೇಳಿ ತಲೆದೂಗಿದರು. ಹೊರಗೆ ಬಂದು ರಸ್ತೆ ಕಡೆಯ ಗೋಡೆ ನೋಡಿದವರು ಅಲ್ಲೇ ನಿಂತರು. ಗೋಡೆ ಎಲ್ಲಿದೆ? ಈ ತುದಿಯಿಂದ ಆ ತುದಿಯವರೆಗೆ ಸೆಗಣಿಯ ಕುಳ್ಳು. ಕುಳ್ಳಿಲ್ಲದ ಕಡೆ ಎಲೆಯಡಿಕೆ ಉಗುಳಿದ ಕೆಂಪು.

"ಎಂಟನೇ ತರಗತಿ ಅಂದ್ರ ಮಕ್ಕಳು ಕುಂದ್ರಾಕ ಹೊಸ ಖೋಲಿ ಬೇಕು" ಎಂದರು ಸಾಹೇಬರು. "ಇದ್ದ ಗ್ವಾಡಿ ಕಾಯದ ಊರಿಗೆ ಹೊಸ ಗ್ವಾಡಿ ಹೆಂಗ ಕೊಡಲಿ? ಅದಕ್ಕೂ ಕುಳ್ಳು ಬಡೀತೀರಿ. ಬರೂ ವರ್ಷ ಬರ್ತೀನಿ, ಅವಾಗ ನೋಡೂಣು."

ಜೀಪು ಹೋದ ಮೇಲೆ ನಾನು ನೆಟ್ಟಗೆ ಕುಳ್ಳು ಬಡಿಯುವ ಮುದುಕಿಯ ಮನೆಗೆ ನಡೆದೆ. ಶಾಲೆಯ ಎದುರಿಗೇ ಅವಳ ಮನೆ. "ಯವ್ವಾ, ಅದು ಸಾಲಿ ಗ್ವಾಡಿ. ಅದಕ್ಕ ಕುಳ್ಳು ಬಡೀಬಾರದು."

ಮುದುಕಿ ಸೆಗಣಿ ಕೈಯನ್ನು ಸೊಂಟದ ಮೇಲಿಟ್ಟುಕೊಂಡಳು. "ಗ್ವಾಡಿ ಸರ್ಕಾರದ್ದು. ಬಿಸಲು ದೇವರದು. ಸೆಗಣಿ ನನ್ನ ಎಮ್ಮಿದು. ನಿಂದೇನೈತಿ ಇದರಾಗ?"

ಲೆಕ್ಕ ಸರಿಯಾಗಿತ್ತು. ನಾನು ತಿರುಗಿ ಬಂದೆ.

ಕಣ್ಣು ತೆರೆದ ಕತ್ತೆ

ಗೋಡೆಯನ್ನು ತೊಳೆದು ಸುಣ್ಣ ಬಳಿದು ಅಕ್ಷರಮಾಲೆಯ ಚಿತ್ರ ಬರೆಸಿದರೆ ಮಂದಿ ಹೇಸಿಗೆ ಮಾಡಲಿಕ್ಕಿಲ್ಲ ಎಂದು ಅಕ್ಕೋರು ಉಪಾಯ ಹೇಳಿದರು. ನಮ್ಮ ಮನೆಯವರ ಗುರುತಿನ ಕಲಾವಿದರೊಬ್ಬರು ಕಿನ್ನಾಳದಲ್ಲಿದ್ದರು, ಮರದ ಗೊಂಬೆಗಳಿಗೆ ಬಣ್ಣ ಬರೆಯುವ ಮನೆತನದವರು. ಮಕ್ಕಳ ಕೆಲಸ ಎಂದು ಕೇಳಿ ಒಪ್ಪಿ ಬಂದರು.

ಅವರು ಜೀವಮಾನವೆಲ್ಲ ಬರೆದದ್ದು ಗರುಡ, ಕಾಮಧೇನು, ದೇವಿಯರು. ಕೈಗೆ ಬೇರೆ ದಾರಿ ಗೊತ್ತಿಲ್ಲ. ಆನೆಗೆ ಜರಿಯ ಝೂಲು ಬಂತು, ಸರಿ. ಇಲಿಗೆ ಕಾಲ್ಗಡಗ ಬಂತು. ಒಂಟೆಗೆ ಮುತ್ತಿನ ಹಾರ ಬಂತು. ಕ ಅಕ್ಷರದ ಕತ್ತೆಗೆ ಬಂಗಾರದ ಕಿರೀಟ, ಕೊರಳ ತುಂಬ ಕಂಠೀಹಾರ, ತಲೆಯ ಹಿಂದೆ ಪ್ರಭಾವಳಿ!

"ಕತ್ತಿಗೆ ಕಿರೀಟ ಯಾಕ್ರಿ?" ಎಂದು ಅಕ್ಕೋರು ಮೆಲ್ಲಗೆ ಕೇಳಿದರು.

"ಬರೀ ತಲಿ ಬಿಟ್ರ ಚಂದ ಕಾಣೂದಿಲ್ಲರಿ."

ಅಷ್ಟಕ್ಕೇ ಮುಗಿದಿದ್ದರೆ ಚಿತ್ರವಾಗಿಯೇ ಉಳಿಯುತ್ತಿತ್ತು. ಆದರೆ ಅವರ ಮನೆತನದಲ್ಲಿ ಒಂದು ಪದ್ಧತಿ: ಕಣ್ಣು ಕಡೆಗೆ ಬರೆಯಬೇಕು, ಬರೆಯುವ ಮುಂಜಾನೆ ಜಳಕ ಮಾಡಿ, ಉಪವಾಸವಿದ್ದು, ಊದಿನಕಡ್ಡಿ ಹಚ್ಚಿ, ಕಾಯಿ ಒಡೆಯಬೇಕು. ಹೊಲಕ್ಕೆ ಹೊರಟ ಹೆಂಗಸರು ನೋಡುತ್ತಾರೆ: ಶುಚಿಯಾದ ಮನುಷ್ಯನೊಬ್ಬ ಗೋಡೆಗೆ ಕಾಯಿ ಒಡೆದು ಕಣ್ಣು ತೆರೆಸುತ್ತಿದ್ದಾನೆ. ಬುಟ್ಟಿ ಇಳಿಸಿ ಕೈ ಮುಗಿದರು. ಸಂಜೆಯೊಳಗೆ ಕತ್ತೆಯ ಹಣೆಗೆ ಕುಂಕುಮ ಬಿತ್ತು. ಹಚ್ಚಿದವಳು ಕುಳ್ಳಿನ ಮುದುಕಿಯೇ.

ನನಗೆ ತಡೆಯಲಾಗಲಿಲ್ಲ. "ಯವ್ವಾ, ಅದು ಕತ್ತಿ ಐತಿ!"

"ಕಣ್ಣಿಲ್ಲೇನು ನನಗ? ಕತ್ತಿ ಅಂತ ಕಾಣ್ತೈತಿ" ಎಂದಳು. "ಇಲಿ ಮ್ಯಾಲೆ ಗಣಪ್ಪ ಕುಂತಾನ. ಎತ್ತಿನ ಮ್ಯಾಲೆ ಈಶ್ವರ ಕುಂತಾನ. ಇದರ ಮ್ಯಾಲೆ ಕುಂದ್ರಾವ ಇನ್ನೂ ಬಂದಿಲ್ಲ. ಬರ್ತಾನ, ನಿಂಗೇನ ಅವಸರ?"

"ಮತ್ತ ಕುಳ್ಳು ಎಲ್ಲಿ ಬಡೀತಿ?"

"ದೇವರ ಮಾರಿ ಮ್ಯಾಲೆ ಬಡೀಲೇನು? ಇಷ್ಟು ದಿನ ಪೂಜಿ ಮಾಡಿ ಇದನ್ನ ಕಲತಿಯೇನ ನೀನು?"

ಸಾಹೇಬರ ಚಪ್ಪಲಿ

ಮಗಳು ಏಳನೆಯ ತರಗತಿ ಮುಗಿಸುವ ಹೊತ್ತಿಗೆ, ಒಂದು ಅಮಾವಾಸ್ಯೆಯ ದಿನ, ಸಾಹೇಬರು ಮತ್ತೆ ಬರುತ್ತಾರೆಂದು ಫೋನ್ ಬಂತು. ಅಕ್ಕೋರು ಗಾಬರಿಯಾದರು. ಕತ್ತೆಯ ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ದೀಪ, ಕರ್ಪೂರ. ಸರ್ಕಾರಿ ಶಾಲೆಯಲ್ಲಿ ಕತ್ತೆಪೂಜೆ ಎಂದು ವರದಿ ಹೋದರೆ ಎಂಟನೆಯ ತರಗತಿಯ ಮಾತು ಅಲ್ಲಿಗೇ ಮುಗಿಯಿತು. ಒರೆಸೋಣವೆಂದು ಬಟ್ಟೆ ಒದ್ದೆ ಮಾಡಿಕೊಂಡು ಹೋದರೆ ಮುದುಕಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ. "ಅಮಾಸಿ ದಿನ ಕುಂಕುಮ ಅಳಸ್ತೀರೇನು?" ಎಂದಳು. ಅಷ್ಟರಲ್ಲಿ ಜೀಪು ಬಂತು.

ಸಾಹೇಬರು ಬಿರಬಿರನೆ ಇಳಿದರು. ಹೂವು, ದೀಪ, ಕರ್ಪೂರದ ವಾಸನೆ. ಹುಟ್ಟಿನಿಂದ ಬಂದ ರೂಢಿ: ಚಪ್ಪಲಿ ಬಿಟ್ಟರು, ಕಣ್ಣು ಮುಚ್ಚಿದರು, ಭಕ್ತಿಯಿಂದ ಕೈ ಮುಗಿದರು. ಕರ್ಪೂರದ ಮೇಲೆ ಕೈಯಾಡಿಸಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಕಣ್ಣು ತೆರೆದರು. ಕಿರೀಟ ನೋಡಿದರು. ಕಿರೀಟದ ಎರಡೂ ಬದಿಗೆ ನಿಂತ ಕಿವಿಗಳನ್ನು ನೋಡಿದರು.

"ಯಾವ ದೇವ್ರಿದು?"

ಅಕ್ಕೋರು ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ನನ್ನ ಮೌನ ಮೊದಲೇ ಹೆಸರುವಾಸಿ. ಒಳಗಿದ್ದ ಮಕ್ಕಳಿಗೆ ಮಾತ್ರ, ಆ ಚಿತ್ರದ ಮುಂದೆ ಯಾರು ಏನು ಕೇಳಿದರೂ ಒಂದೇ ಉತ್ತರ ರೂಢಿಯಾಗಿತ್ತು. ಕಿಟಕಿಗೆ ಮುಖ ಒತ್ತಿ ಒಟ್ಟಿಗೆ ಕೂಗಿದವು:

"ಕ... ಕತ್ತೆ!"

ಮಗಳ ಎಂಟನೆಯ ತರಗತಿ ಸಾಹೇಬರ ಜೀಪು ಹತ್ತಿ ಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಗ ಮುದುಕಿ ಎದ್ದು ಕೇಳಿದಳು: "ಬಂದೀರಿ ಛಲೋ ಆತು. ಕಾಯಿ ಒಡಸ್ತೀರೇನ್ರಿ ಸಾಹೇಬ್ರ?"

ಸಾಹೇಬರಿಗೆ ಮೊದಲು ಹೊಟ್ಟೆ ಅಲುಗಿತು, ಆಮೇಲೆ ಹೆಗಲು ಅಲುಗಿದವು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಚಪ್ಪಲಿ ಮೆಟ್ಟಿಕೊಂಡು ಗೋಡೆಯುದ್ದಕ್ಕೂ ಈ ತುದಿಯಿಂದ ಆ ತುದಿಗೆ ನಡೆದರು. ಒಂದು ಕುಳ್ಳಿಲ್ಲ, ಒಂದು ಕಲೆಯಿಲ್ಲ.

"ಅಕ್ಕೋರ, ಬ್ಯಾರೆ ಊರಾಗ ಕಟ್ಟಿಸಿದ ಖೋಲಿ ಕಿಟಕಿ ಒಂದು ವರ್ಷ ಬಾಳೂದಿಲ್ಲ" ಎಂದರು. "ಗ್ವಾಡಿಗೆ ಕೈ ಮುಗಿಯೂ ಊರನ್ನ ಇದ ಮೊದಲು ನೋಡಿದ್ದು. ನೀವು ಖೋಲಿ ಕಾಯ್ತೀರಿ. ನಾ ಮ್ಯಾಲಿನವರಿಗೆ ಬರೀತೀನಿ."

ಬರೆದರು. ಎಂಟನೆಯ ತರಗತಿ ಬಂತು. ಬಸ್ಸಿಗೆ ಹೆದರಿ ಮನೆಯಲ್ಲಿ ಉಳಿಯಬೇಕಿದ್ದ ಹುಡುಗಿಯರೆಲ್ಲ ಜಡೆ ಹಾಕಿಕೊಂಡು ಬಂದರು.

ಶುರುವಾದ ದಿನ ನಾನು ಸ್ವಲ್ಪ ಬೇಗ ಹೋದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ದೇವರ ಮನೆಯಲ್ಲಿ ಕೂತು ಬೇಡಿದ್ದು ಯಾವ ಬಾಗಿಲಿನಿಂದ ಬಂತೋ, ಆ ಬಾಗಿಲಿಗೆ ಒಂದು ನಮಸ್ಕಾರ ಬೇಡವೇ? ಅತ್ತಿತ್ತ ನೋಡಿ, ಕಣ್ಣು ಮುಚ್ಚಿ ಕೈ ಮುಗಿದೆ.

"ಯಪ್ಪಾ! ನೀನೂ ಕತ್ತಿಗೆ ಕೈ ಮುಗಿದಿ?"

ಪಾಟಿಚೀಲ ಹೆಗಲಿಗೇರಿಸಿ ಮಗಳು ಹಿಂದೆಯೇ ನಿಂತಿದ್ದಳು.

"ಕತ್ತಿಗಲ್ಲವಾ, ಗ್ವಾಡಿಗೆ ಮುಗಿದೆ."

"ಹಂಗಾರ ಬಾಯಾಗ ಏನ ಬೇಡಕೋಳಾಕತ್ತಿದ್ದಿ?"

ಸಿಕ್ಕಿಬಿದ್ದಿದ್ದೆ. "ಒಂಬತ್ತನೇತ್ತಾನೂ ಇಲ್ಲೇ ಆಗ್ಲಿ ಅಂತ..." ಎಂದೆ.

ಅವಳು ಕತ್ತೆಯ ಕಿರೀಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಕೇಳೂದ ಕೇಳ್ತಿ, ಹತ್ತನೇತ್ತಾನೂ ಸೇರಿಸಿ ಕೇಳ ಯಪ್ಪಾ. ಹೆಂಗೂ ಕತ್ತಿ, ಎಷ್ಟು ಹೇರಿದ್ರೂ ಹೊರತೈತಿ."