ಗೋದಲಿಗೆ ಕಟ್ಟಿದ ಸೈಕಲ್ಲು

ಮದುವೆಯಾದಾಗಿನಿಂದ ಹೆಂಡತಿಯ ಎದುರು ನಾನು ಒಂದೇ ಒಂದು ವಾದ ಗೆದ್ದಿದ್ದೇನೆ. ಗೆದ್ದ ಸುಖ ಎಂಥದೆಂದು ನನ್ನನ್ನು ಕೇಳಬೇಡಿ, ನನ್ನ ಅಂಗಾಲುಗಳನ್ನು ಕೇಳಿ. ಅದು ಮನೆಯಲ್ಲಿ ಸೈಕಲ್ಲು ಎಲ್ಲಿ ನಿಲ್ಲಿಸಬೇಕು ಎಂಬ ವಾದ.

ಸೈಕಲ್ಲು ಯಾಕೆ ಬೇಕಾಯಿತು ಎಂದರೆ, ನನ್ನ ಷಡ್ಡಕ ಉಳವಪ್ಪನ ಹತ್ತಿರ ಟಾಂಗಾ ಇತ್ತು. (ಇದಕ್ಕಿಂತ ದೊಡ್ಡ ಕಾರಣ ಬೇಕೆ?) ಅವನು ನವಾಬರ ಸವಣೂರಿನವನು. ನಾನು ಅಲ್ಲಿಂದ ಎರಡು ಹರದಾರಿ ಆಚೆಯ ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ಪ್ರತಿ ಸೋಮವಾರ ಅಂಗಡಿಗೆ ವೀಳ್ಯದೆಲೆ ತರಲು ಸವಣೂರಿಗೆ ನಡೆದು ಹೋಗುತ್ತಿದ್ದೆ. ನಾನು ಬೆವರು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಅವನ ಟಾಂಗಾ ಬರುತ್ತಿತ್ತು.

“ಏನ್ರಿ ಪರಮೇಶಪ್ಪಾರ, ಇನ್ನೂ ಕಾಲೆಳಕೊಂತನ ಬರಾಕತ್ತೀರಲ್ಲ!” ಎಂದು ಮೇಲಿನಿಂದ ಒಂದು ಮಾತು ಎಸೆದು ಹೋಗುತ್ತಿದ್ದ. ಆ ಧೂಳನ್ನು ಎಷ್ಟು ವರ್ಷ ನುಂಗಲಿ?

ಕೊನೆಗೆ ಒಂದು ಮಂಗಳವಾರ ಹುಬ್ಬಳ್ಳಿಯಿಂದ ಸೈಕಲ್ಲು ಬಂತು. ಮುಂದಿನ ಸೋಮವಾರ ಉಳವಪ್ಪನ ಹೊಸ ಮನೆಯ ಗೃಹಪ್ರವೇಶ. ‘ಸೈಕಲ್ ಮೇಲೆ ಬರುತ್ತೇನೆ’ ಎಂದು ಕಂಡಕಂಡವರ ಕೈಯಲ್ಲೆಲ್ಲ ಹೇಳಿ ಕಳಿಸಿದೆ. ಟಾಂಗಾದ ಮುಂದೆ ಗಂಟೆ ಬಾರಿಸಿಕೊಂಡು ಇಳಿಯಬೇಕು, ಅವನ ಮುಖ ನೋಡಬೇಕು. ನನ್ನ ಬಾಳಿನಲ್ಲಿ ಆಗ ಇದ್ದ ಆಸೆ ಇದೊಂದೇ.

ಆದರೆ ಅಲ್ಲಿಯವರೆಗೆ ಆ ದ್ವಿಚಕ್ರ ಮಹಾರಾಜರನ್ನು ಇಡುವುದೆಲ್ಲಿ? ಪಡಸಾಲೆಯ ಗೋಡೆಗೆ ಆನಿಸಿದೆ. ಸುಣ್ಣದ ಮೇಲೆ ಕರಿ ಗೀಟು ಎಳೆದು, ಹಸನು ಮಾಡಿಟ್ಟ ಜೋಳದ ಮೊರದ ಮೇಲೆ ಅಂಗಾತ ಬಿತ್ತು.

“ಜ್ವಾಳದಾಗ ಎಣ್ಣಿ! ಇದನ್ನ ಪಡಸಾಲಿಗೆ ತರಬ್ಯಾಡ್ರಿ ಅಂತ ಬಡಕೊಂಡೆ, ಕೇಳಿದ್ರ್ಯಾ?” ಎಂದಳು ನನ್ನಾಕೆ ಶಿವಬಸವ್ವ.

ಹೊರಗಿನ ಕಟ್ಟೆಗೆ ಒರಗಿಸಿದೆ. ಊರಿನವರೆಲ್ಲ ಬಂದು ಗಂಟೆ ಬಾರಿಸಿ ಕೈಮುಗಿದು ಹೋಗತೊಡಗಿದರು. ಹಿತ್ತಲಿಗೆ ಒಯ್ದೆ. ಪಕ್ಕದ ಮನೆಯ ಕೋಳಿಗಳು ಅದರ ಹಿಡಿಯ ಮೇಲೆ ಸಾಲಾಗಿ ಕೂತು ತಮ್ಮ ಕಾರ್ಯ ಮುಗಿಸಿದ್ದವು. ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು.

ನಮ್ಮ ಕಡೆ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ದಂದಕ್ಕಿ ಸಿಗುತ್ತದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಮನುಷ್ಯರು ಕೂಡ್ರುವ ಪಡಸಾಲೆ. ನಮ್ಮ ದಂದಕ್ಕಿಯಲ್ಲಿ ಮೇವು ಹಾಕುವ ಗೋದಲಿಗೆ ಎರಡು ಎತ್ತು ನಿಂತು ಮೇಯುವಷ್ಟು ಜಾಗ. ಒಂದು ಕಡೆ ನಮ್ಮ ಎತ್ತು ಮಾಳ್ಯಾ ಇದ್ದ. ಅವನ ಜೋಡಿಯನ್ನು ಚಿಕ್ಕೇರೂರಿನ ಭಾವಮೈದುನ ಬೇಸಾಯಕ್ಕೆಂದು ಹೊಡೆದುಕೊಂಡು ಹೋಗಿದ್ದರಿಂದ ಇನ್ನೊಂದು ಕಡೆ ಖಾಲಿ ಬಿದ್ದಿತ್ತು.

“ಅಲ್ಲಿ ಆಗೂದಿಲ್ರಿ,” ಎಂದಳು ಶಿವಬಸವ್ವ. “ಅದು ಎತ್ತಿನ ಜಾಗಾ. ಎತ್ತ ಬಿಟ್ಟು ಮತ್ತೊಂದು ಅಲ್ಲಿ ನಿಂದ್ರಬಾರದು.”

“ಇದೂ ಎತ್ತಽ ಅಲ್ಲೇನು?”

“ಕಬ್ಬಣದ್ದು ಎತ್ತ ಹೆಂಗಾದೀತ್ರಿ?”

ನಾನು ಎದ್ದು ನಿಂತೆ. ಧೋತರದ ಚುಂಗು ಕೊಡವಿದೆ. “ನೋಡ ಬಸವ್ವ, ಎರಡ ಕೋಡ ಅದಾವ. ಗಂಟಿ ಐತಿ. ಬೆನ್ನ ಮ್ಯಾಲೆ ಕುಂಡ್ರಬಹುದು, ಹೇರ ಹೇರಬಹುದು. ಮೇವು ಬೇಡೂದಿಲ್ಲ, ಹಾಯೂದಿಲ್ಲ, ಒದಿಯೂದಿಲ್ಲ. ನಮ್ಮ ಮನಿಗೆ ನಡಕೊಂತ ಬಂದ ಬಸವಣ್ಣ ಇದು!”

“ಬಸವಣ್ಣ ಅಂತೀರಿ?”

“ಅಂತೇನಿ.”

“ನಾಳೆ ಮಾತ ತಿರುಗಸಬಾರದು ಮತ್ತ.”

“ಪರಮೇಶಪ್ಪನ ಮಾತಂದ್ರ ಮಾತು!”

ಅವಳು ಸುಮ್ಮನಾದಳು. ನನ್ನ ಹೆಂಡತಿ ಸುಮ್ಮನಾಗುವುದೆಂದರೆ ಏನೆಂದು ಆಗಲಾದರೂ ನನಗೆ ತಿಳಿಯಬೇಕಿತ್ತು. ವಿಜಯದ ಅಮಲಿನಲ್ಲಿ ಸೈಕಲ್ಲನ್ನು ಗೂಟಕ್ಕೆ ಹಗ್ಗದಿಂದ ಬಿಗಿದು ಮಲಗಿದೆ. ಬೆಳಿಗ್ಗೆ ನೋಡಿದರೆ ಮಾಳ್ಯಾ ಹೊಸ ಗೆಳೆಯನ ಸೀಟನ್ನು ನೆಕ್ಕಿ ನೆಕ್ಕಿ, ನನ್ನ ಬೆವರಿನ ಉಪ್ಪನ್ನೆಲ್ಲ ತಿಂದು ಮುಗಿಸಿದ್ದ. ತೊಗಲು ನೆನೆದ ಅವಲಕ್ಕಿಯಂತಾಗಿತ್ತು.

“ಸರೀರಿ ಅತ್ತಾಗ. ಎತ್ತ ಅಂದ ಮ್ಯಾಲೆ ಎತ್ತಿಗೆ ಮಾಡಿಧಂಗ ಮಾಡಬೇಕು,” ಎಂದು ಶಿವಬಸವ್ವ ಸೆರಗು ಸಿಗಿಸಿ ನಿಂತಳು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನಾನು ಬೆರಗಾದೆ. ಮುಚ್ಚುಮರೆ ಏಕೆ, ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿಯೇ ಹುಟ್ಟಿತು. ಮಾಳ್ಯಾನ ನಾಲಿಗೆ ತಾಕದ ಹಾಗೆ ನಡುವೆ ಮೋಟುಗೋಡೆ ಎಬ್ಬಿಸಿದಳು. ಗೋದಲಿಯ ಎರಡು ಕಟ್ಟಿಗೆಯ ನಡುವೆ ಮುಂದಿನ ಗಾಲಿ ಅಳತೆ ಮಾಡಿದಂತೆ ಕೂಡುವ ಹಾಗೆ ಸಂದು ಬಿಡಿಸಿದಳು. ಸೈಕಲ್ಲು ಅತ್ತ ಬೀಳುವುದಿಲ್ಲ, ಇತ್ತ ವಾಲುವುದಿಲ್ಲ. ಕೆಳಗೆ ಎಣ್ಣೆ ಹೀರುವುದಕ್ಕೆ ಗೋಣಿತಟ್ಟು. ಗಾಳಿ ಹೊಡೆಯುವ ಪಂಪಿಗೆ ಗೋಡೆಯಲ್ಲಿ ಗೂಟ, ಎಣ್ಣೆ ಬುಡ್ಡಿಗೆ ಗೋಡೆಯೊಳಗೇ ಕೊರೆದ ಪುಟ್ಟ ಮಾಡ. ಹೊಸ್ತಿಲನ್ನು ಗಾಲಿ ತುಳಿಯಬಾರದೆಂದು ಎತ್ತಿ ದಾಟಿಸುವುದನ್ನು ಮಾತ್ರ ನನಗೆ ಬಿಟ್ಟಳು. ಸೆಗಣಿ ಸಾರಿಸಿ, ಮುಂದೆ ರಂಗೋಲಿ ಎಳೆದ ಮೇಲೆ ನೋಡಬೇಕಿತ್ತು! ನನ್ನ ಅಂಗಡಿಗಿಂತ ಅದೇ ಚೊಕ್ಕಟವಾಗಿತ್ತು.

ಸೋಮವಾರ ಬಂತು. ಕೋಟು ತೊಟ್ಟು, ರುಮಾಲು ಸುತ್ತಿ ಪಡಸಾಲೆಯಿಂದ ಇಳಿದೆ. ಸೈಕಲ್ಲಿಗೆ ಸಿಂಗಾರವಾಗಿತ್ತು! ಹಿಡಿಯ ಮೇಲೆ ಮೂರು ಬೆರಳ ವಿಭೂತಿ, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಕಾರಹುಣ್ಣಿಮೆಗೆ ಎತ್ತಿಗೆ ಹೊದಿಸುವ ಝೂಲ. ನನ್ನ ದಿಗ್ವಿಜಯಕ್ಕೆಂದು ಇಷ್ಟೆಲ್ಲ ಮಾಡಿದ್ದಾಳಲ್ಲ ಎಂದು ಕಣ್ಣು ತೇವವಾಯಿತು. ಝೂಲ ತೆಗೆಯಲು ಕೈ ಚಾಚಿದೆ.

“ಕೈ ಹಚ್ಚಬ್ಯಾಡ್ರಿ! ಇವತ್ತ ಸೋಮವಾರ.”

“ಸೋಮವಾರ ಆದರೇನಾತು?”

“ಸೋಮವಾರ ನಮ್ಮ ಮನ್ಯಾಗ ಎತ್ತಿನ ಹೆಗಲ ಮ್ಯಾಲೆ ನೊಗಾ ಇಡತಾರೇನ್ರಿ?”

ಸೋಮವಾರ ಬಸವಣ್ಣನ ವಾರ. ಆ ದಿನ ಎತ್ತನ್ನು ಹೂಡುವುದಿಲ್ಲ. ನಮ್ಮಜ್ಜನ ಕಾಲದಲ್ಲೂ ಈ ನೇಮ ತಪ್ಪಿರಲಿಲ್ಲ.

“ಬಸವ್ವ, ಇದು ಸೈಕಲ್!”

“ನಾ ಅಂದ್ನ್ಯಾ ಎತ್ತಂತ? ನೀವ ಅಂದ್ರಿ. ಬಸವಣ್ಣ ಅಂತ ಕೋಡ ತೋರ್ಸಿದ್ರಿ. ಒಂದಽ ಗ್ವಾದ್ಲಿಗೆ ನಿಂತದ್ದಕ್ಕ ಒಂದಕ್ಕೊಂದು ನ್ಯಾಯ, ಇನ್ನೊಂದಕ್ಕೊಂದು ನ್ಯಾಯ ಮಾಡಾಕ ಬರತೈತೇನ್ರಿ? ಮಾಳ್ಯಾ ಏನ್ ತಿಳಕೊಂಡೀತು?”

ಮಾಳ್ಯಾ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಅವನಿಗೂ ಈ ನ್ಯಾಯದಲ್ಲಿ ಆಸಕ್ತಿ ಇದ್ದಂತಿತ್ತು.

ಅಷ್ಟರಲ್ಲಿ ಬಾಗಿಲಿಗೆ ಉಳವಪ್ಪನ ಟಾಂಗಾ ಬಂತು. ನಾದಿನಿಯನ್ನು ಕರೆತರಲೆಂದು ಅವನು ಟಾಂಗಾ ಹೊಡೆಯುವ ಖಲಂದರನನ್ನು ಕಳಿಸಿದ್ದ. ಶಿವಬಸವ್ವ ಹತ್ತಿದಳು. ಉಡುಗೊರೆಯ ಆಯೇರು ತುಂಬಿದ ಬುಟ್ಟಿ ಹತ್ತಿತು, ಹೋಳಿಗೆಯ ಡಬ್ಬಿ ಹತ್ತಿತು, ಓಣಿಯ ಇಬ್ಬರು ಮುದುಕಿಯರು ಹತ್ತಿದರು. ಖಲಂದರ ನನ್ನನ್ನು ನೋಡಿ, “ಜಾಗಾ ಇಲ್ರಿ ಸಾವಕಾರ್ರ,” ಎಂದ.

“ಕುದರಿಗೆ ಸೋಮವಾರ ಇಲ್ಲೇನು?” ಎಂದು ಹೆಂಡತಿಯ ಮೇಲೆ ಕೊನೆಯ ಬಾಣ ಬಿಟ್ಟೆ.

“ಕುದರಿ ಎತ್ತಲ್ಲಲ್ರೀ,” ಎಂದಳು ಸಮಾಧಾನವಾಗಿ.

ಎರಡು ಹರದಾರಿ ನಡೆದೆ. ಮುಂದೆ ಟಾಂಗಾ, ಹಿಂದೆ ಧೂಳು, ಧೂಳಿನೊಳಗೆ ನಾನು. ಹೊಸ ಮನೆಯ ಚಪ್ಪರ ಸೇರುವ ಹೊತ್ತಿಗೆ ನನ್ನ ಕರಿ ಕೋಟು ಬೂದಿ ಬಣ್ಣಕ್ಕೆ ತಿರುಗಿತ್ತು. ಉಳವಪ್ಪ ನೆರೆದವರಿಗೆಲ್ಲ ಕೇಳುವಂತೆ ಕೂಗಿದ: “ಬರ್ರಿ ಬರ್ರಿ! ಸೈಕಲ್ ಎಲ್ರಿ ಪರಮೇಶಪ್ಪಾರ? ಹಾದ್ಯಾಗ ಎಲ್ಲೆರೆ ಕೆಡವಿ ಬಂದ್ರ್ಯೋ?”

ಮಂದಿ ನಕ್ಕಿತು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಗಾಲಿಯ ಗಾಳಿ ಹೋಯಿತು ಎಂದು ಸುಳ್ಳು ಹೇಳಬೇಕೆನ್ನುವಷ್ಟರಲ್ಲಿ ಶಿವಬಸವ್ವ ಮುಂದೆ ಬಂದಳು.

“ಇವತ್ತ ಸೋಮವಾರಲ್ರೀ ಮಾಮಾರ. ಗ್ವಾದ್ಲಿಗೆ ಕಟ್ಟಿದ್ದನ್ನ ಸೋಮವಾರ ಹೂಡೂದಿಲ್ಲ ನಮ್ಮ ಮನ್ಯಾಗ. ಅದಕ್ಕ ಬಿಡುವು ಕೊಟ್ಟು ಇವರು ನಡಕೊಂತ ಬಂದ್ರು.”

ನಗೆ ನಿಂತಿತು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು ನನ್ನ ಕೈ ಹಿಡಿದರು. “ಟಾಂಗಾ ಇದ್ದವರು ರಗಡ ಮಂದಿ ಅದಾರ. ಕಬ್ಬಣದ ಮ್ಯಾಲೂ ಕರುಳ ಇದ್ದಾಂವ ನೀ ಒಬ್ಬಾಂವ ನೋಡಪಾ!” ಎಂದರು. ಅಷ್ಟೇ ಸಾಕಾಯಿತು. ಹೆಂಗಸರು ಗಂಡಸರು ಶಿವಬಸವ್ವನನ್ನು ಸುತ್ತಿಕೊಂಡರು. ಅವಳು ಗೋದಲಿಯಲ್ಲಿ ಮಾಡಿದ ಏರ್ಪಾಟನ್ನೆಲ್ಲ ಬಣ್ಣಿಸಿದಳು. ಸಂದು ಹೆಂಗ, ಗೋಡಿ ಎಷ್ಟೆತ್ತರ, ಎಣ್ಣಿ ಎಲ್ಲಿ ಇಡತೀರಿ ಎಂದು ಒಂದೇ ಸವನೆ ಕೇಳಿದರು. ಉಳವಪ್ಪನ ಹೊಸ ಮನೆಯ ಕೆತ್ತನೆಯ ಬಾಗಿಲನ್ನು ತಿರುಗಿ ನೋಡುವವರಿರಲಿಲ್ಲ. ಕೊನೆಗೆ ಅವನೇ ಮೆಲ್ಲಗೆ ಬಂದು, “ಬಸವ್ವ, ನನ್ನ ಟಾಂಗಾಕ್ಕೂ ಅಂಥಾದೊಂದು ಜಾಗಾ ಮಾಡಿಸಿಕೊಡವಾ,” ಎಂದ.

ಆಹಾ! ಸೈಕಲ್ಲು ಕೂಡ ಕೊಡಲಾರದ ಸುಖವನ್ನು ನನ್ನ ಹೆಂಡತಿ ಕೊಟ್ಟಿದ್ದಳು. ಅವಳಿಗೆ ಅಲ್ಲೇ ಕೈಮುಗಿಯಬೇಕೆನಿಸಿತು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಹಿರಿಯರು “ಈ ನೇಮ ಬಿಡಬ್ಯಾಡಪಾ,” ಎಂದಾಗ, “ಜೀವ ಇರೂತನಾ ಬಿಡೂದಿಲ್ರಿ!” ಎಂದು ಚಪ್ಪರ ಹಾರಿಹೋಗುವಂತೆ ಕೂಗಿಬಿಟ್ಟೆ.

ಕೂಗಿದ ಮೇಲೆ ನೆನಪಾಯಿತು. ನಾನು ಸವಣೂರಿಗೆ ಎಲೆ ತರಲು ಬರುವುದೇ ಸೋಮವಾರ.

ಸಂಜೆ ಮನೆಗೆ ಬಂದಾಗ ಅಂಗಾಲು ಬೊಬ್ಬೆ ಎದ್ದಿತ್ತು. ಶಿವಬಸವ್ವ ಬಿಸಿನೀರು ತಂದು ಕಾಲ ಮೇಲೆ ಸುರಿಯುತ್ತಿದ್ದಳು. ದಂದಕ್ಕಿಯಲ್ಲಿ ಮಾಳ್ಯಾ ಮೆಲುಕು ಹಾಕುತ್ತ ಮಲಗಿದ್ದ. ಪಕ್ಕದಲ್ಲಿ ಸೈಕಲ್ಲು ಝೂಲ ಹೊದ್ದು ಬೆಚ್ಚಗೆ ನಿಂತಿತ್ತು.

“ಮಾಳ್ಯಾಗ ಸೋಮವಾರ ಬಿಡುವು. ಸೈಕಲ್ಲಿಗೂ ಬಿಡುವು. ನನಗ?” ಎಂದೆ ದೀನನಾಗಿ.

“ನೀವೇನ್ ಗ್ವಾದ್ಲಿಗೆ ನಿಂತೀರೇನ್ರಿ?”

ನಾನು ಆಸೆಯಿಂದ ದಂದಕ್ಕಿಯ ಕಡೆ ನೋಡಿದೆ. ಅಲ್ಲಿ ಇನ್ನೊಂದು ಜಾಗ ಇರಲಿಲ್ಲ.